ಒಂಬತ್ತನೇ ಕಾಲಂ

ಬೆಳಿಗ್ಗೆ ಆರೂವರೆಗೆ ಕೆರೆಯ ಏರಿ ಹತ್ತುವಾಗಲೇ, ಇವತ್ತು ಹಕ್ಕಿ ಎಣಿಸುವುದು ತನ್ನಿಂದ ಆಗುವ ಕೆಲಸವಲ್ಲ ಎಂದು ಮುನಿಶಾಮಿಗೆ ಗೊತ್ತಾಗಿಹೋಗಿತ್ತು. ನೀರಿನ ಮೇಲೆ ಮಂಜು ಇನ್ನೂ ಕೂತಿತ್ತು. ಕೋಲಾರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಶಿವಾನಿ ಮೇಡಂ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅದರ ಮೇಲೆ ದೂರದರ್ಶಕ ಕೂರಿಸಿ, ಬೆರಳುಗಳನ್ನು ಬಾಯಿಯ ಹತ್ತಿರ ತಂದು ಊದಿಕೊಳ್ಳುತ್ತಿದ್ದಳು. ವರ್ಷಕ್ಕೊಂದು ಸಲ ಜನವರಿಯಲ್ಲಿ ನಡೆಯುವ ನೀರುಹಕ್ಕಿ ಗಣತಿಗೆ ಈ ಕೆರೆ ಇವರಿಬ್ಬರ ಪಾಲಿನದು. "ನೀವು ಬರ್ಕೊಳ್ಳಿ ಸಾರ್, ನಾನು ನೋಡಿ ಹೇಳ್ತೀನಿ. ನಿಮ್ಮ ಅಕ್ಷರ ಮುತ್ತಿನ ಹಾಗಿದೆ" ಎಂದಳು. ಹೋದ ವರ್ಷವೂ ಇದೇ ಮಾತು ಹೇಳಿದ್ದಳು. ಆಗ ಅವನಿಗೆ ಎರಡು ದಿನ ಅದೇ ಖುಷಿ ಸಾಕಾಗಿತ್ತು. ಈಗ ಅವನು ಫಾರಂ ಹಿಡಿದ ರಟ್ಟನ್ನು ಎದೆಗೆ ಆನಿಸಿಕೊಂಡು ಏರಿಯ ಹಿಂದುಗಡೆ ನೋಡಿದ. ಕೆಳಗೆ ಊರು. ಎರಡನೇ ಬೀದಿಯ ತುದಿಯ ಹೆಂಚಿನ ಮನೆಯಲ್ಲಿ ಅಕ್ಕ ದೊಡ್ಡಗಂಗಮ್ಮ ಎದ್ದಿರುತ್ತಾಳೆ. ಎಣಿಕೆ ಮುಗಿದ ಮೇಲೆ ಅಲ್ಲಿಗೆ ಹೋಗಬೇಕು. ಹೋಗಿ ಒಂದೇ ಒಂದು ಮಾತು ಹೇಳಬೇಕು: ಅಕ್ಕ, ಬರೆದುಕೊಟ್ಟವಳು ಕದಿರಕ್ಕ ಅಲ್ಲ, ನಾನು. ಕೋಲಾರದಿಂದ ಹುತ್ತೂರು ದಾಟಿ ಇಲ್ಲಿಯವರೆಗೆ ಸ್ಕೂಟರಿನ ಮೇಲೆ ಈ ಮಾತನ್ನು ಹತ್ತಾರು ಸಲ ಬಾಯಿಬಿಟ್ಟು ಹೇಳಿಕೊಂಡಿದ್ದ. ಗಾಳಿಯಲ್ಲಿ ಅದು ಸಲೀಸಾಗಿ ಬರುತ್ತಿತ್ತು.

"ನಾಮದ ಕೋಳಿ, ಬರ್ಕೊಳ್ಳಿ ಸಾರ್. ಹತ್ತು, ಇಪ್ಪತ್ತು, ಮೂವತ್ತು…" ಮೇಡಂ ಎಣಿಸುವುದು ಹತ್ತರ ಗುಂಪಿನಲ್ಲಿ. ಕರಿ ಹಕ್ಕಿ, ಹಣೆಯ ಮೇಲೆ ಬಿಳಿ ನಾಮ. ಕೆರೆ ತುಂಬ ಅವೇ. ಹದಿನೈದು ವರ್ಷ ಈ ಕೆರೆಯಲ್ಲಿ ಹಕ್ಕಿ ಇರಲಿ, ದನ ಕುಡಿಯುವಷ್ಟು ನೀರೂ ಇರಲಿಲ್ಲ. ಬಿರುಕುಬಿಟ್ಟ ಅಂಗಳದಲ್ಲಿ ಅವನು ಕ್ರಿಕೆಟ್ ಆಡಿದ್ದ. ಈಶಾನ್ಯದ ಮೂಲೆಯಲ್ಲಿ ಹದಿನೈದು ಗುಂಟೆಯಷ್ಟು ಜಾಗವನ್ನು ಅಕ್ಕ ಅಗೆದು ಹಸನು ಮಾಡಿ ಹಿಪ್ಪುನೇರಳೆ ಕಡ್ಡಿ ನೆಟ್ಟಾಗ, ಕಡ್ಡಿಗಳ ಕಟ್ಟು ಹೊತ್ತವನು ಅವನೇ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಇಪ್ಪತ್ತು. ಅವಳು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಂಡನ ಮನೆಗೆ ಬಂದಳು. ಭಾವ ಬೇಗ ಹೋದ. ಮಕ್ಕಳಾಗಲಿಲ್ಲ. ಉಳಿದದ್ದು ರೇಷ್ಮೆಹುಳ, ತಮ್ಮ, ಮತ್ತು ಗೋಡೆಯಾಚೆಯ ಕದಿರಮ್ಮ, ಅವನ ಬಾಯಲ್ಲಿ ಕದಿರಕ್ಕ. ಕದಿರಮ್ಮ ಅಕ್ಕನ ಓರಗೆಯವಳು, ಅದೇ ವರ್ಷ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ಇಬ್ಬರ ನಡುವೆ ಒಂದು ಮೊಳದ ಗೋಡೆ, ಅದರ ಮೇಲೆ ದಿನಕ್ಕೆ ಹತ್ತು ಸಲ ಸಾರಿನ ಬಟ್ಟಲು ದಾಟುತ್ತಿತ್ತು. ಮುನಿಶಾಮಿಗೆ ಮೈತುಂಬ ಅಮ್ಮೆಯ ಗುಳ್ಳೆ ಎದ್ದಾಗ ಅಕ್ಕ ಹುಳದ ಮನೆ ಬಿಟ್ಟು ಬರುವಂತಿರಲಿಲ್ಲ. ಒಂಬತ್ತು ದಿನ ಬೇವಿನ ಸೊಪ್ಪು ಬೀಸುತ್ತ ಕೂತವಳು ಕದಿರಕ್ಕ.

"ಹೆಜ್ಜಾರ್ಲೆ ಏಳು" ಎಂದು ಕೊಕ್ಕಿನ ಕೆಳಗೆ ಚೀಲ ಜೋತ ದೊಡ್ಡ ಹಕ್ಕಿಗಳನ್ನು ತೋರಿಸಿದ ಮೇಡಂ, ಫಾರಂ ಕಡೆ ಬಗ್ಗಿ ನೋಡಿ ನಕ್ಕುಬಿಟ್ಟಳು. "ಏನ್ ಸಾರ್ ಇದು! ಹೆಜ್ಜಾರ್ಲೆ ಮುಂದೆ ನಾನೂರ ಅರವತ್ತು ಅಂತ ಬರ್ದಿದ್ದೀರಲ್ಲ. ಅಷ್ಟು ಇಳಿದ್ರೆ ಕೆರೇಲಿ ನೀರಿಗೆ ಜಾಗ ಎಲ್ಲಿ?" ನಾಮದ ಕೋಳಿಯ ಲೆಕ್ಕವನ್ನು ಒಂದು ಸಾಲು ಕೆಳಗೆ ಬರೆದುಬಿಟ್ಟಿದ್ದ. "ಸಾರಿ ಮೇಡಂ" ಎಂದು ಹೊಡೆದುಹಾಕಿದ. ನರಸಾಪುರದ ಕಾರ್ಖಾನೆಯಲ್ಲಿ ಅವನು ಇಪ್ಪತ್ತು ವರ್ಷದಿಂದ ತಪಾಸಣೆ ವಿಭಾಗದಲ್ಲಿದ್ದಾನೆ. ಬೆಲ್ಟಿನ ಮೇಲೆ ಬರುವ ಬಿಡಿಭಾಗದಲ್ಲಿ ಕೂದಲೆಳೆಯ ಗೀರು ಇದ್ದರೂ ಹಿಡಿಯುತ್ತಾನೆ, ಬರೆಯುತ್ತಾನೆ. ಅವನ ಶಿಫ್ಟ್ ವರದಿಯಲ್ಲಿ ಖಾಲಿ ಬಿಟ್ಟ ಕಾಲಂ ಇಲ್ಲ, ಹೊಡೆದುಹಾಕಿದ ಅಂಕಿ ಇಲ್ಲ. ಹೊಸದಾಗಿ ಸೇರಿದವರಿಗೆ ಅವನ ವರದಿಯನ್ನೇ ಮಾದರಿ ಎಂದು ತೋರಿಸುತ್ತಾರೆ. ಆ ಅಭ್ಯಾಸವೇ ಅವನನ್ನು ಹಾಳು ಮಾಡಿದ್ದು.

ಗಣತಿಯ ಫಾರಮ್ಮಿನಲ್ಲಿ ಒಂಬತ್ತು ಕಾಲಂ. ಮೊದಲ ಎಂಟರಲ್ಲಿ ಹಕ್ಕಿ, ನೀರು, ಜೊಂಡು, ಮೀನಿನ ಬಲೆ. ಒಂಬತ್ತನೆಯದು: ಕೆರೆ ಅಂಗಳದಲ್ಲಿ ಒತ್ತುವರಿ ಕಂಡುಬಂದಿದೆಯೆ, ಇದ್ದರೆ ವಿವರ. ಹೋದ ವರ್ಷ ಬೇರೆ ಕೆರೆಗಳಿಗೆ ಹೋದವರೆಲ್ಲ ಅಲ್ಲೊಂದು ಅಡ್ಡಗೆರೆ ಎಳೆದು ಚಹಾ ಕುಡಿಯಲು ಹೋಗಿದ್ದರು. ಮುನಿಶಾಮಿ ಬರೆದ. 'ಈಶಾನ್ಯ ಮೂಲೆಯಲ್ಲಿ ಸುಮಾರು ಹದಿನೈದು ಗುಂಟೆ. ಹಿಪ್ಪುನೇರಳೆ. ನೀರು ಅಲ್ಲಿಯವರೆಗೆ ಬರದಂತೆ ಮಣ್ಣಿನ ಬದು ಹಾಕಲಾಗಿದೆ.' ಬರೆಯುವಾಗ ಮರೆತಿದ್ದನೆ? ಇಲ್ಲ. ಮರೆತು ಬರೆದಿದ್ದರೆ ದೇವರಾದರೂ ಕ್ಷಮಿಸುತ್ತಿದ್ದ. ಅದು ಅಕ್ಕನ ತೋಟವೆಂದು, ಆ ಬದುವಿಗೆ ತಾನೂ ಮಣ್ಣು ಹೊತ್ತಿದ್ದೇನೆಂದು ಚೆನ್ನಾಗಿ ನೆನಪಿಟ್ಟುಕೊಂಡೇ ಬರೆದ. ಸ್ವಂತ ಅಕ್ಕನದ್ದಾದರೂ ಬಿಡದೆ ಬರೆದೆನಲ್ಲ ಎಂದು ಒಳಗೊಳಗೇ ಒಂದು ಹೆಮ್ಮೆಯೂ ಆಯಿತು. ಒಂದು ಫಾರಮ್ಮು, ಯಾರು ಓದುತ್ತಾರೆ ಎಂದೂ ಅನ್ನಿಸಿತ್ತು. ಎರಡೂ ಒಟ್ಟಿಗೇ ಅನ್ನಿಸಿತ್ತು. ಈ ಹನ್ನೆರಡು ತಿಂಗಳಲ್ಲಿ ಅವನು ಆ ಬರಹವನ್ನು ಹೇಗೋ ಸಹಿಸಿಕೊಂಡಿದ್ದಾನೆ, ಆ ಹೆಮ್ಮೆಯನ್ನು ಮಾತ್ರ ಸಹಿಸಲಾರ.

ಯಾರೋ ಓದಿದರು. ಮಾರ್ಚಿನಲ್ಲಿ ಜೆಸಿಬಿ ಬಂತು. ಸರ್ವೆಯವನು ಕಾಗದ ತೋರಿಸಿ, "ನಿಮ್ಮ ಕಡೆಯವ್ರೇ ಬರ್ದು ಕೊಟ್ಟಿದ್ದಾರಮ್ಮ, ನಮ್ಮ ಕೈಲಿ ಏನಿದೆ" ಅಂದನಂತೆ. ಒಂದೂವರೆ ಗಂಟೆಯಲ್ಲಿ ಬದು ಹೋಯಿತು, ಗಿಡಗಳು ಬೇರು ಸಮೇತ ಮೇಲೆ ಬಂದವು. ಅಕ್ಕನಿಗೆ ತಕ್ಷಣ ಕಂಡದ್ದು ಕದಿರಮ್ಮ. ಯಾಕೆಂದರೆ ಹಿಂದಿನ ವಾರವಷ್ಟೇ ಕೋಳಿ ಹಿತ್ತಲಿಗೆ ನುಗ್ಗಿದ್ದಕ್ಕೆ ಇಬ್ಬರಿಗೂ ಜಗಳವಾಗಿ, ಕದಿರಮ್ಮ ಸಿಟ್ಟಿನ ಭರದಲ್ಲಿ "ಕೆರೆ ನೆಲ ಏನ್ ನಿಮ್ಮಪ್ಪಂದಾ?" ಎಂದುಬಿಟ್ಟಿದ್ದಳು. ನಲವತ್ತು ವರ್ಷದಲ್ಲಿ ಅಂಥ ಜಗಳ ನಾನೂರು ಆಗಿರಬಹುದು. ಸಂಜೆಗೆ ಸಾರಿನ ಬಟ್ಟಲು ಗೋಡೆ ದಾಟಿದರೆ ಮುಗಿಯುತ್ತಿತ್ತು. ಈ ಸಲ ಬಟ್ಟಲಿಗಿಂತ ಮೊದಲು ಜೆಸಿಬಿ ಬಂತು.

ಅವತ್ತು ಮಧ್ಯಾಹ್ನ ಅವನು ಕಾರ್ಖಾನೆಯ ಗೇಟಿನ ಬಳಿ ಕಂಪನಿ ಬಸ್ಸಿನ ನೆರಳಿನಲ್ಲಿ ನಿಂತಿದ್ದಾಗ ಅಕ್ಕನ ಫೋನು. "ಮುನೀ, ಹುಳ ನಾಲ್ಕನೇ ಜ್ವರ ಎದ್ದವೆ ಕಣೋ, ಪೊರೆ ಬಿಟ್ಟವೆ. ಒಂದೇ ಸಮ ಮೇಯೋ ಹೊತ್ತು. ಮನೇಲಿ ಒಂದು ಎಲೆ ಇಲ್ಲ. ನಿಮ್ಮ ಕಡೆ ಎಲ್ಲಾದ್ರೂ ಸೊಪ್ಪು ಸಿಗ್ತದೇನೋ ನೋಡಪ್ಪಾ." ಅವನು "ಡ್ಯೂಟೀಲಿದ್ದೀನಿ ಅಕ್ಕ, ನೋಡ್ತೀನಿ" ಎಂದು ಫೋನ್ ಇಟ್ಟ. ನೋಡಲಿಲ್ಲ. ಸೊಪ್ಪು ಹುಡುಕಿಕೊಂಡು ಹೋದರೆ ಯಾಕೆ, ಏನು ಎಂದು ಯಾರಾದರೂ ಕೇಳಿಯಾರು, ಮುಖ ನೋಡಿಯೇ ಹಿಡಿದುಬಿಟ್ಟಾರು ಎಂಬ ಭಯ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮೂರನೇ ದಿನ ಭಾನುವಾರ ಊರಿಗೆ ಹೋದ. ಹುಳದ ಮನೆಯಲ್ಲಿ ತಟ್ಟೆಗಳ ಮುಂದೆ ಅಕ್ಕ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಸಿದ ಹುಳ ಕೂಗುವುದಿಲ್ಲ. ಬರೀ ತಲೆ ಎತ್ತುತ್ತದೆ. ತಟ್ಟೆ ತಟ್ಟೆಯಲ್ಲೂ ಸಾವಿರಾರು ತಲೆಗಳು ಮೇಲೆದ್ದು, ಅತ್ತ ಇತ್ತ ಆಡುತ್ತ, ಎಲೆ ಬರುವ ದಿಕ್ಕನ್ನು ಹುಡುಕುತ್ತಿದ್ದವು. ಅವನು ಬಾಗಿಲಲ್ಲಿ ನಿಂತದ್ದಕ್ಕೆ ಗಾಳಿ ಬೀಸಿರಬೇಕು, ಒಂದಷ್ಟು ತಲೆಗಳು ಅವನ ಕಡೆ ತಿರುಗಿದವು.

ಅದೇ ಹೊತ್ತಿಗೆ ಕದಿರಕ್ಕ ಬಂದಳು. ಎಲ್ಲಿಂದ ತಂದಳೋ, ತಲೆಯ ಮೇಲೆ ಸೊಪ್ಪಿನ ದೊಡ್ಡ ಹೊರೆ. ಬೆವರು ಕಣ್ಣಿಗೆ ಇಳಿದಿತ್ತು. ಹೊಸ್ತಿಲ ಹತ್ತಿರ ಇಳಿಸಿ, "ಗಂಗೀ, ಜಗಳ ಆಮೇಲೆ ಆಡಾಣ. ಮೊದ್ಲು ಹುಳಕ್ಕೆ ಹಾಕು" ಎಂದಳು. ಅಕ್ಕ ಎದ್ದು ಬಂದವಳೇ ಹೊರೆಯನ್ನು ಎತ್ತಿ ಬೀದಿಗೆ ಎಸೆದಳು. "ಬರ್ದು ಕೊಟ್ಟ ಕೈಯಿಂದ ನಂಗೆ ಸೊಪ್ಪು ಬೇಡ. ಹುಳ ಸಾಯ್ಲಿ, ನಾನೂ ಸಾಯ್ತೀನಿ." ಬೀದಿಯೆಲ್ಲ ಬಾಗಿಲಿಗೆ ಬಂತು. ಕದಿರಕ್ಕ ಅಕ್ಕನ ಕಡೆ ನೋಡಲಿಲ್ಲ, ಕಂಬ ಹಿಡಿದು ನಿಂತಿದ್ದ ಅವನ ಕಡೆ ನೋಡಿದಳು. "ನೀನಾದ್ರೂ ಹೇಳು ಮುನೀ. ನಾನು ಓದು ಬರಹ ಕಂಡವಳಾ? ಏನಂತ ಬರ್ದು ಕೊಡ್ಲಿ ನಾನು?" "ಬರ್ಸಿ ಕೊಟ್ಟಿದ್ದೀಯ" ಎಂದಳು ಅಕ್ಕ. ಮುನಿಶಾಮಿ ಏನು ಹೇಳಿದ? "ಇರ್ಲಿ ಬಿಡಿ ಕದಿರಕ್ಕ" ಎಂದ. ಇಷ್ಟೇ ಮಾತು, ದೊಡ್ಡ ಮನಸ್ಸಿನವನಂತೆ ರಾಜಿ ಮಾಡಿಸುವ ದನಿಯಲ್ಲಿ. ಬೀದಿಗೆ ಬಿದ್ದ ಸೊಪ್ಪಿಗೆ ಯಾರದೋ ಎರಡು ಹಸು ಬಾಯಿಹಾಕಿದವು. ಅದಾದ ಮೇಲೆ ಇಬ್ಬರು ಹೆಂಗಸರೂ ಮಾತು ಬಿಟ್ಟರು.

"ಅಲ್ನೋಡಿ ಸಾರ್, ಆ ಮೂಲೇಲಿ!" ಮೇಡಂ ಅವನ ಭುಜ ತಟ್ಟಿ ದೂರದರ್ಶಕದ ಮುಂದೆ ನಿಲ್ಲಿಸಿದಳು. ಈಶಾನ್ಯದ ಮೂಲೆ. ಈಗ ಅಲ್ಲಿ ಮೊಣಕಾಲುದ್ದ ನೀರು, ಅಂಚಿಗೆ ಜೊಂಡು. ಬಣ್ಣದ ಕೊಕ್ಕರೆಗಳು ಹನ್ನೊಂದು ನಿಂತಿದ್ದವು, ಬಾಲದ ಹತ್ತಿರ ಗುಲಾಬಿ ಬಣ್ಣ ಹಚ್ಚಿಕೊಂಡು. ಒಂದು, ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿ ಆಡಿಸುತ್ತ ನಿಧಾನ ನಡೆಯಿತು. ಚೆನ್ನಾಗಿತ್ತು. ಅದೇ ಸಂಕಟ. ಕೊಳಕಾಗಿದ್ದರೆ ಬೈಯಬಹುದಿತ್ತು. "ಈ ಕೆರೇಲಿ ಇವು ಇದೇ ಮೊದಲು. ನೀವು ಹೋದ ವರ್ಷ ಅಷ್ಟು ನೀಟಾಗಿ ಬರ್ದಿರದಿದ್ರೆ ಆ ಬದು ಹೋಗ್ತಾನೇ ಇರ್ಲಿಲ್ಲ. ಇದು ನಿಮ್ಮದೇ ಪುಣ್ಯ ಸಾರ್" ಎಂದಳು ಮೇಡಂ. ಅವಳಿಗೆ ಅದು ಯಾರ ತೋಟವೆಂದು ಗೊತ್ತಿಲ್ಲ, ಇವನು ಹೇಳಿರಲಿಲ್ಲ. ಅವನು ಕೊಕ್ಕರೆಗಳನ್ನು ಎಣಿಸಿದ. ಹನ್ನೊಂದು. ಇನ್ನೊಮ್ಮೆ ಎಣಿಸಿದ. ಕಣ್ಣು ನೀರಾಡಿ ಹದಿಮೂರೋ ಹದಿನಾಲ್ಕೋ ಕಂಡವು. "ಚಳಿಗಾಳಿ ಮೇಡಂ, ಕಣ್ಣಲ್ಲಿ ನೀರು" ಎಂದು ಕರ್ಚೀಫು ತೆಗೆದ.

ಒಂಬತ್ತೂವರೆಗೆ ಎಣಿಕೆ ಮುಗಿಯಿತು. ಮೇಡಂ ಮುಳಬಾಗಿಲಿನ ಕಡೆ ಇನ್ನೊಂದು ಕೆರೆಗೆ ಹೊರಟಳು. ಅವನು ಏರಿ ಇಳಿದು ಊರೊಳಗೆ ನಡೆದ. ಬೀದಿಗೆ ತಿರುಗಿದರೆ ಕದಿರಕ್ಕನ ಮನೆ ಮುಂದೆ ಶಾಮಿಯಾನ. ಬಾಡಿಗೆ ಕುರ್ಚಿಗಳು, ದೊಡ್ಡ ಪಾತ್ರೆ, ಸೌದೆ ಒಲೆಯ ಹೊಗೆ. ಮೊಮ್ಮಗುವಿನ ನಾಮಕರಣವಿರಬೇಕು ಎಂದುಕೊಂಡ. ಕದಿರಕ್ಕನ ಮಗಳು ರಂಜಿತ ತಲೆಗೆ ಎಣ್ಣೆಯಿಲ್ಲದೆ, ಕಣ್ಣು ಊದಿಸಿಕೊಂಡು ಎದುರಿಗೆ ಬಂದಳು. "ಬಂದ್ಯಾ ಮಾವ. ದೊಡ್ಡಮ್ಮ ಫೋನ್ ಮಾಡಿದ್ಲಾ?"

"ಇಲ್ವಲ್ಲಮ್ಮ. ಏನು?"

"ಅಮ್ಮನ ತಿಥಿ ಇವತ್ತು. ಹನ್ನೊಂದು ದಿನ ಆಯ್ತು. ಎದೆ ನೋವು ಅಂದ್ಲು ಮಾವ, ಹುತ್ತೂರು ಆಸ್ಪತ್ರೆ ತಲುಪೋದ್ರೊಳಗೆ ಹೋಗ್ಬಿಟ್ಲು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ದೊಡ್ಡಮ್ಮ ಮುಖ ನೋಡೋಕೂ ಬರ್ಲಿಲ್ಲ. ಎಲ್ರೂ ಅಮ್ಮನ ಬಾಯಿಗೆ ಅಕ್ಕಿ ಹಾಕೋವಾಗ ನಾನು ಬಾಗಿಲ ಕಡೇನೇ ನೋಡ್ತಿದ್ದೆ. ಮೂರನೇ ದಿನ ಹಾಲುತುಪ್ಪಕ್ಕೂ ಬರ್ಲಿಲ್ಲ. ಇವತ್ತು ಅಮ್ಮನ ಮಣ್ಣಿಗೆ ಎಡೆ ಇಡ್ತೀವಿ. ಇದೊಂದು ಹೋದ್ರೆ ಇನ್ನೇನೂ ಇಲ್ಲ ಮಾವ. ಹೆಂಗಾದ್ರೂ ಮಾಡಿ ಕರ್ಕೊಂಡ್ ಬಾ." ಅವನು ತಲೆಯಾಡಿಸಿದ. ತಲೆಯಾಡಿಸುವುದು ಸುಲಭ. ಸ್ಕೂಟರಿನ ಮೇಲೆ ಹೇಳಿಕೊಂಡು ಬಂದಿದ್ದ ಮಾತು ಕದಿರಕ್ಕ ಬದುಕಿದ್ದಾಳೆ ಎಂದು ಕಟ್ಟಿದ ಮಾತು. ಹೇಳಿದರೆ ಅಕ್ಕ ಉಗಿಯುತ್ತಾಳೆ, ಆಮೇಲೆ ಗೋಡೆಯ ಹತ್ತಿರ ಹೋಗಿ ಕೂಗುತ್ತಾಳೆ, ಇಬ್ಬರೂ ಸೇರಿ ತನ್ನನ್ನು ಉಗಿಯುತ್ತಾರೆ ಎಂದು ಅವನು ಲೆಕ್ಕ ಹಾಕಿದ್ದ. ಆ ಉಗಿತವನ್ನು ಆಸೆಪಟ್ಟಿದ್ದ.

ಪಕ್ಕದ ಮನೆಯಲ್ಲಿ ಅಕ್ಕ ಸ್ನಾನ ಮಾಡಿ, ಹಬ್ಬಕ್ಕೆ ಉಡುವ ಹಸಿರು ಸೀರೆ ಉಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಬುಟ್ಟಿ. ಅದರಲ್ಲಿ ಸೇವಂತಿಗೆ, ವೀಳ್ಯದೆಲೆ, ಮುಚ್ಚಳದ ಪಾತ್ರೆ. ಮನೆಯೆಲ್ಲ ಹಿದಕಬೇಳೆ ಸಾರಿನ ವಾಸನೆ. ಸೊಗಡಿನ ಅವರೆಕಾಳು ನೆನೆಹಾಕಿ, ಒಂದೊಂದೇ ಕಾಳು ಹಿದುಕಿ ಸಿಪ್ಪೆ ತೆಗೆದು ಮಾಡುವ ಸಾರು. ಪ್ರತಿ ವರ್ಷ ಈ ದಿನಗಳಲ್ಲಿ ಇಬ್ಬರೂ ಗೋಡೆಯ ಆಚೀಚೆ ಮೊರ ಇಟ್ಟುಕೊಂಡು ಹಿದುಕುತ್ತ, ತೆಲುಗಿನಲ್ಲಿ ಯಾರ್ಯಾರನ್ನೋ ಆಡಿಕೊಂಡು ನಗುತ್ತಿದ್ದರು. ಕದಿರಕ್ಕನಿಗೆ ಇದೆಂದರೆ ಪ್ರಾಣ. ಅಕ್ಕನ ಹೆಬ್ಬೆರಳ ತುದಿ ಸುಲಿದು ಕೆಂಪಾಗಿದ್ದುದು ಅವನಿಗೆ ಕಂಡಿತು. ಎರಡು ಸೇರು ಕಾಳು ಒಬ್ಬಳೇ ಹಿದುಕಿದ್ದಾಳೆ.

"ಬಾರೋ ಮುನೀ. ನೀನು ಇವತ್ತು ಬರ್ತೀಯ ಅಂತ ಗೊತ್ತಿತ್ತು, ಹಕ್ಕಿ ಎಣ್ಸೋ ದಿನ ಅಲ್ವಾ" ಎಂದಳು. ಅವಳ ದನಿ ಒಂದು ವರ್ಷದಲ್ಲಿ ಹತ್ತು ವರ್ಷ ಸೊರಗಿತ್ತು. "ಕದಿರಿ ಹೋದ್ಲು."

"ರಂಜಿತ ಹೇಳಿದ್ಲು ಅಕ್ಕ. ನಾನು ನಿನ್ ಹತ್ರ ಒಂದು ಮಾತು—"

"ಇರೋ. ಮೊದ್ಲು ನಾನು ಕೇಳೋದಕ್ಕೆ ಹೇಳು." ಅವಳು ಅವನ ಮುಂಗೈ ಹಿಡಿದಳು. "ನೀನು ಓದ್ದವನು. ಆಫೀಸು ಕಾಗದ ಎಲ್ಲಾ ನಿಂಗೆ ತಿಳೀತದೆ. ನಿಜ ಹೇಳು. ಬರ್ದು ಕೊಟ್ಟಿದ್ದು ಕದಿರೀನೇ, ಹೌದಲ್ವಾ?"

ಅವಳ ಕಣ್ಣು ಅವನ ಮುಖದ ಮೇಲಿತ್ತು. ಅಲ್ಲ ಎಂದರೆ? ಅಲ್ಲ ಎಂದರೆ ಇವಳು ಒಂದು ತಪ್ಪಿಲ್ಲದವಳ ಸೊಪ್ಪನ್ನು ಬೀದಿಗೆ ಎಸೆದಳು, ಸತ್ತಾಗ ಮುಖ ನೋಡಲಿಲ್ಲ, ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಲಿಲ್ಲ. ಅದನ್ನು ಹೊತ್ತುಕೊಂಡು ಇವಳು ಎಷ್ಟು ದಿನ ಬದುಕಿಯಾಳು? ಸತ್ತವಳಿಗೆ ಇನ್ನು ನೋವಿಲ್ಲ. ಇದ್ದವಳನ್ನು ಉಳಿಸಬೇಕು. ಹೀಗೆ ಅವನ ತಲೆ ಬಹಳ ಬೇಗ, ಬಹಳ ಅಚ್ಚುಕಟ್ಟಾಗಿ ನ್ಯಾಯ ಜೋಡಿಸಿತು. ಅದರ ಅಡಿಯಲ್ಲಿ ಇನ್ನೊಂದಿತ್ತು, ಅದೂ ಅವನಿಗೆ ಗೊತ್ತಿತ್ತು. ಈ ಹಿಡಿದ ಕೈ ಸಡಿಲವಾಗುವುದನ್ನು ತಾನು ನೋಡಲಾರೆ.

"ಹೂಂ ಅಕ್ಕ" ಎಂದ. "ಅವಳೇ. ವಿಚಾರಿಸಿದೆ ನಾನು." ಅಲ್ಲಿಗೆ ನಿಲ್ಲಿಸಬಹುದಿತ್ತು. ಇಪ್ಪತ್ತು ವರ್ಷ ವರದಿ ಬರೆದವನಿಗೆ ವಿವರವಿಲ್ಲದ ಮಾತು ಅಪೂರ್ಣ ಎನ್ನಿಸಿತೋ ಏನೋ. "ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ಲು."

ಅಕ್ಕ "ಹೆಬ್ಬೆಟ್ಟಾ" ಎಂದಳು. ಅವನ ಕೈಯನ್ನು ಬಿಟ್ಟು ತನ್ನ ಮೊಣಕಾಲು ಸವರಿಕೊಂಡಳು. ನೆಮ್ಮದಿಯ ಉಸಿರು ಬರುತ್ತದೆ ಎಂದು ಅವನು ಕಾದ. ಬರಲಿಲ್ಲ. ಅವಳ ಮುಖ ಕುಸಿಯುತ್ತ ಹೋಯಿತು.

"ಅಲ್ಲ ಅಂತೀಯ ಅನ್ಕೊಂಡಿದ್ದೆ ಕಣೋ" ಎಂದಳು. "ಹನ್ನೊಂದು ದಿನದಿಂದ ದೇವ್ರನ್ನ ಅದೇ ಕೇಳ್ಕೊಂತಾ ಇದ್ದೆ. ಯಾರಾದ್ರೂ ಬಂದು ಅವಳಲ್ಲ ಅನ್ಲಿ, ತಪ್ಪೆಲ್ಲಾ ನಂದೇ ಆಗ್ಲಿ ಅಂತ. ಅವಳ ಮಣ್ಣಿನ ಮೇಲೆ ಬಿದ್ದು ಒಂದು ಸಲ ಬಾಯಿ ತುಂಬಾ ಅತ್ತುಬಿಡ್ತಿದ್ದೆ. ನಲ್ವತ್ತು ವರ್ಷ ಕಣೋ ಮುನೀ. ಅವಳಲ್ಲ ಅನ್ನೋಕೆ ಊರಲ್ಲಿ ಒಬ್ರಿಗೂ ಬಾಯಿ ಬರ್ಲಿಲ್ಲ. ನೀನು ಬಂದು ಅಂತೀಯ ಅಂತ ಸೀರೆ ಉಟ್ಕೊಂಡು ಕೂತಿದ್ದೆ."

ಅಕ್ಕ, ಸುಳ್ಳು ಹೇಳಿದೆ ಎನ್ನಬೇಕು. ಈಗ, ಇನ್ನೂ ಹೊತ್ತಿದೆ. ಆದರೆ ಈಗ ಹೇಳಬೇಕಾದದ್ದು ಒಂದಲ್ಲ, ಎರಡು. ಬರೆದದ್ದು ಒಂದು, ಹೆಬ್ಬೆಟ್ಟು ಇನ್ನೊಂದು. ಮೊದಲನೆಯದನ್ನೇ ಒಂದು ವರ್ಷ ಹೇಳಲಾಗದವನು ಎರಡನ್ನೂ ಹೇಗೆ ಹೇಳಿಯಾನು? ಅಕ್ಕ ಗೋಡೆ ಹಿಡಿದು ಎದ್ದು ಒಳಕೋಣೆಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದು ಮುಚ್ಚಿದ ಸದ್ದು. ಹೊರಗೆ ಬಂದಾಗ ದಿನ ಉಡುವ ಹಳೆಯ ಸೀರೆಯಲ್ಲಿದ್ದಳು. ಬುಟ್ಟಿಯ ಪಾತ್ರೆಯನ್ನು ಎತ್ತಿ, ಎಡೆಗೆಂದು ತೊಳೆದಿಟ್ಟಿದ್ದ ಬಾಳೆಲೆಯನ್ನು ಅವನ ಮುಂದೆ ಹಾಸಿದಳು. ಮುದ್ದೆ ಇಟ್ಟಳು, ಸಾರು ಬಿಟ್ಟಳು. "ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು. ಉಣ್ಣು."

ಬಾಗಿಲಲ್ಲಿ ನೆರಳು ಬಿತ್ತು. ರಂಜಿತ, ಕೈಯಲ್ಲಿ ಊದಿನಕಡ್ಡಿಯ ಕಟ್ಟು. ಒಳಗೆ ಬರಲಿಲ್ಲ. "ದೊಡ್ಡಮ್ಮ, ಎಡೆ ತಗೊಂಡು ಎಲ್ರೂ ಹೊರಟಿದ್ದೀವಿ. ನಿನಗೋಸ್ಕರ ನಿಂತಿದ್ದೀವಿ."

ಅಕ್ಕ ಅವಳ ಕಡೆ ತಿರುಗಲಿಲ್ಲ. ಅವನನ್ನೇ ನೋಡಿದಳು. ಆ ನೋಟದಲ್ಲಿ ಇನ್ನೂ ಒಂದು ಕೇಳಿಕೆ ಉಳಿದಿತ್ತು. ಹೊರಗೆ ಯಾರೋ ಹಲಗೆ ಬಡಿಯಲು ಶುರುಮಾಡಿದರು. ಅವನು ಮುದ್ದೆಯ ಮೇಲೆ ಕೈಯಿಟ್ಟು ಕೂತ. ಬಿಸಿ ಅಂಗೈ ಸುಡುತ್ತಿತ್ತು. ಕೊನೆಗೆ ಅಕ್ಕನೇ, "ಹೇಳ್ಬಿಡು ಅವ್ಳಿಗೆ" ಎಂದಳು.

"ಅಕ್ಕ ಬರಲ್ವಂತೆ ರಂಜಿತಾ" ಎಂದ ಮುನಿಶಾಮಿ.

ನೆರಳು ಹೋಯಿತು. ಹಲಗೆಯ ಸದ್ದು ಬೀದಿಯುದ್ದಕ್ಕೂ ನಡೆದು, ತಿರುವು ದಾಟಿ, ಕೆರೆಯ ಕಡೆ ಸಣ್ಣದಾಯಿತು. ಅಕ್ಕ ಅವನ ಎದುರು ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಅವನು ತುತ್ತು ನುಂಗುವುದನ್ನು ನೋಡಿದಳು. ಚಿಕ್ಕಂದಿನಲ್ಲೂ ಹೀಗೇ ನೋಡುತ್ತಿದ್ದಳು.

"ಎಡೆಗೆ ಅಂತ ಮಾಡಿದ್ದು, ನಾನು ರುಚಿ ನೋಡಿಲ್ಲ" ಎಂದಳು. "ಉಪ್ಪು ಸರಿಯಾಗಿದೆಯೇನೋ?"

ಸಾರಿಗೆ ಉಪ್ಪೇ ಬಿದ್ದಿರಲಿಲ್ಲ.

"ಸರಿಯಾಗಿದೆ ಅಕ್ಕ" ಎಂದು ಅವನು ಇನ್ನೊಂದು ತುತ್ತು ಮುರಿದ.